ಮೂಲಚಿತ್ರಗಳನ್ನು ಮಾರಿದ ಎರಡು ವರ್ಷ

2023ರ ಮಳೆಗಾಲ ಕಳೆದ ಮೇಲೆ ನಮ್ಮ ಮನೆಯ ಹಂಚಿನ ಮಾಡನ್ನು ಬಿಚ್ಚಿ ತಾರಸಿ ಹಾಕಿಸುವುದೆಂದು ನಿಶ್ಚಯವಾದಾಗ, ಅಟ್ಟದ ಮೇಲಿದ್ದ ಮೂರು ತಗಡಿನ ಪೆಟ್ಟಿಗೆಗಳನ್ನು ಕೆಳಗಿಳಿಸಬೇಕಾಯಿತು. ನಾನು ಮೂವತ್ತು ವರ್ಷಗಳಲ್ಲಿ ಬರೆದ ವ್ಯಂಗ್ಯಚಿತ್ರಗಳ ಮೂಲಪ್ರತಿಗಳು ಅವುಗಳಲ್ಲಿದ್ದವು. ಜೊತೆಗೆ 1996ರಿಂದ 2003ರ ವರೆಗೆ ನಾನೂ ನನ್ನ ಇಬ್ಬರು ಗೆಳೆಯರೂ ಕೈಯಿಂದ ಹಣ ಹಾಕಿ ಹೊರತಂದ ಹನ್ನೊಂದು ಚಿತ್ರಕಥಾ (ಕಾಮಿಕ್ಸ್) ಪುಸ್ತಿಕೆಗಳ ಪೈಕಿ ಮಾರಾಟವಾಗದೆ ಉಳಿದ ಪ್ರತಿಗಳೂ ಇದ್ದವು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಚಿತ್ರಕಲಾ ಅಧ್ಯಾಪಕನಾಗಿದ್ದುಕೊಂಡು, ಬಿಡುವಿನಲ್ಲಿ ಮಂಗಳೂರಿನ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದವನು ನಾನು. ಯಾವ ಪತ್ರಿಕೆಯ ನೌಕರನೂ ಆಗಿರಲಿಲ್ಲವಾದ್ದರಿಂದ ಸಂಭಾವನೆ ಕಡಿಮೆಯಿತ್ತು. ಆದರೆ ಏನನ್ನು ಬರೆಯಬೇಕೆಂದು ನಾನೇ ತೀರ್ಮಾನಿಸುತ್ತಿದ್ದೆ. ಇವನ್ನು ಮಾರಬಹುದೆಂಬ ಯೋಚನೆ ಅದುವರೆಗೆ ನನಗೆ ಬಂದಿರಲಿಲ್ಲ.

ಪೆಟ್ಟಿಗೆಗಳನ್ನು ತೆರೆದ ದಿನ ಸಂತೋಷದ ದಿನವಾಗಿರಲಿಲ್ಲ. ಒಂದು ಪೆಟ್ಟಿಗೆಯ ತಳ ತುಕ್ಕು ಹಿಡಿದು ತೂತಾಗಿತ್ತು, ಅದರ ಮೂಲಕ ಒರಲೆ ಹೊಕ್ಕಿತ್ತು. ಒಟ್ಟು 583 ಹಾಳೆಗಳಲ್ಲಿ 61 ಹಾಳೆಗಳು ಕೈಯಲ್ಲಿ ಹಿಡಿದರೆ ಮಣ್ಣಿನಂತೆ ಉದುರುವ ಸ್ಥಿತಿಗೆ ಬಂದಿದ್ದವು. ಉಳಿದವುಗಳಲ್ಲಿ ಅನೇಕ ಹಾಳೆಗಳ ಅಂಚಿನಲ್ಲಿ ಕಂದು ಚುಕ್ಕೆಗಳು ಎದ್ದಿದ್ದವು. ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಯಾವ ಕಾಗದವೂ ಒಣಗಿರುವುದಿಲ್ಲ. ಗೋಡೆಯಲ್ಲಿ ಬೂಷ್ಟು ಬರುವಂತೆ ಕಾಗದದಲ್ಲಿಯೂ ಬರುತ್ತದೆ. ಪುಸ್ತಿಕೆಗಳ ನಡುವಿನ ಪಿನ್ನುಗಳು ತುಕ್ಕು ಹಿಡಿದು, ಆ ತುಕ್ಕು ಮಡಿಕೆಯ ಉದ್ದಕ್ಕೂ ಹರಡಿ ಎರಡು ಬದಿಗೂ ಕೆಂಪು ಕಲೆ ಮಾಡಿತ್ತು. ಇನ್ನು ಹತ್ತು ವರ್ಷ ಇವು ಅಟ್ಟದಲ್ಲೇ ಇದ್ದರೆ ಒಂದೂ ಉಳಿಯುವುದಿಲ್ಲವೆಂಬುದು ಅಂದು ನನಗೆ ಸ್ಪಷ್ಟವಾಯಿತು. ಹಾಳಾಗುವುದಕ್ಕಿಂತ, ಅವುಗಳನ್ನು ಕಾಪಾಡಬಲ್ಲವರ ಗೋಡೆಯ ಮೇಲೋ ಕಪಾಟಿನಲ್ಲೋ ಇರುವುದು ಮೇಲೆಂದು ತೋರಿತು. ತಾರಸಿಗೆ ಹಣ ಬೇಕಾಗಿದ್ದುದೂ ನಿಜ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಮೊದಲು ಮಾಡಿದ ಕೆಲಸ ವಿಂಗಡಣೆ. ನೆಲಕ್ಕೆ ಬಿಳಿ ಪಂಚೆ ಹಾಸಿ, ಹಾಳೆಗಳನ್ನು ವರ್ಷಕ್ಕನುಗುಣವಾಗಿ ಹರಡಿ, ಒಣ ಮೆತ್ತನೆಯ ಕುಂಚದಿಂದ ಬೂಷ್ಟನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿದೆ. ಕಂದು ಚುಕ್ಕೆಗಳನ್ನು ತೆಗೆಯಲು ಏನನ್ನೂ ಹಚ್ಚಲಿಲ್ಲ. ಬ್ಲೀಚಿಂಗ್ ನೀರು ಹಚ್ಚಿದರೆ ಚುಕ್ಕೆ ಹೋಗುತ್ತದೆಂದು ಹೇಳಿದವರಿದ್ದರು. ಅದು ಕಾಗದದ ನಾರನ್ನೇ ಸಡಿಲಗೊಳಿಸುತ್ತದೆ. ನಾಲ್ಕು ದಿನ ಕಳೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಂಡಿಯನ್ ಇಂಕಿನಲ್ಲಿ, ಅದ್ದುವ ನಿಬ್ಬಿನಿಂದ ಬರೆದ ಚಿತ್ರಗಳು ಮೂವತ್ತು ವರ್ಷಗಳ ನಂತರವೂ ನಿನ್ನೆ ಬರೆದಂತೆ ಕಪ್ಪಾಗಿದ್ದವು, ಏಕೆಂದರೆ ಆ ಮಸಿಯ ಬಣ್ಣ ಇಂಗಾಲದ ಪುಡಿಯಿಂದ ಬಂದದ್ದು, ಅದು ಬೆಳಕಿಗೆ ಮಾಸುವುದಿಲ್ಲ. 2001ರ ಸುಮಾರಿಗೆ ಅವಸರಕ್ಕೆಂದು ನಾನು ಬಳಸತೊಡಗಿದ್ದ ಸ್ಕೆಚ್ ಪೆನ್ನುಗಳ ಗೆರೆಗಳು ಮಾತ್ರ ನೇರಳೆಯಾಗಿ, ಕೆಲವೆಡೆ ಕಾಣದಷ್ಟು ತೆಳುವಾಗಿದ್ದವು. ಅಂತಹ ಎಪ್ಪತ್ತರಷ್ಟು ಚಿತ್ರಗಳನ್ನು ಮಾರಾಟದಿಂದ ಹೊರಗಿಟ್ಟೆ. ಹಣ ಕೊಟ್ಟು ಒಯ್ದವರ ಗೋಡೆಯ ಮೇಲೆ ಇನ್ನೈದು ವರ್ಷಗಳಲ್ಲಿ ಖಾಲಿಯಾಗುವ ಹಾಳೆಯನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಮಾರುವುದಕ್ಕೆ ಮುನ್ನ ಎಲ್ಲವನ್ನೂ ಸ್ಕ್ಯಾನ್ ಮಾಡಿಸಬೇಕೆಂದು ಮಗಳು ಹಠ ಹಿಡಿದಳು. ಅವಳ ಮಾತನ್ನು ಕೇಳಿದ್ದು ಒಳ್ಳೆಯದೇ ಆಯಿತು. ಎ3 ಗಾತ್ರದ ಹಾಳೆಯನ್ನು ಒಮ್ಮೆಗೇ ಹಿಡಿಯುವ ಸ್ಕ್ಯಾನರು ನಮ್ಮ ಪೇಟೆಯಲ್ಲಿ ಸಿಗದ ಕಾರಣ, ಮಂಗಳೂರಿನ ಒಂದು ಡಿಟಿಪಿ ಅಂಗಡಿಗೆ ವಾರಕ್ಕೊಮ್ಮೆ ರೈಲಿನಲ್ಲಿ ಐವತ್ತು ಐವತ್ತು ಹಾಳೆಗಳನ್ನು ಒಯ್ದೆ. ಅಂಗಡಿಯವರು ಮೊದಲು 150 ಡಿಪಿಐ (ಅಂಗುಲಕ್ಕೆ 150 ಚುಕ್ಕೆ) ಸಾಕೆಂದರು. ನಾನು 600 ಡಿಪಿಐ ಬೇಕೆಂದು ಒತ್ತಾಯಿಸಿದೆ, ಏಕೆಂದರೆ ನಿಬ್ಬಿನ ಸಣ್ಣ ಗೆರೆಗಳು ಅದಕ್ಕಿಂತ ಕಡಿಮೆಯಲ್ಲಿ ಒಡೆದುಹೋಗುತ್ತವೆ. ಬಣ್ಣವಿಲ್ಲದೆ ಬರಿಯ ಬೂದುಛಾಯೆಯಲ್ಲಿ ತೆಗೆದರೂ ಒಂದು ಎ3 ಹಾಳೆಗೆ ಸುಮಾರು 70 ಎಂಬಿ ಆಗುತ್ತದೆ. ಎಲ್ಲವೂ ಸೇರಿ ಒಂದು ಹಾರ್ಡ್ ಡಿಸ್ಕಿನಲ್ಲಿ ಕುಳಿತಿತು, ಇನ್ನೊಂದು ಪ್ರತಿ ಮಗಳ ಮನೆಯಲ್ಲಿದೆ.

ಬೆಲೆ ಕಟ್ಟುವುದು ನನಗೆ ಅತ್ಯಂತ ಕಷ್ಟದ ಕೆಲಸವಾಯಿತು. ಕನ್ನಡದಲ್ಲಿ ವ್ಯಂಗ್ಯಚಿತ್ರದ ಪರಂಪರೆ ಸಣ್ಣದೇನಲ್ಲ. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಕೊರವಂಜಿ ಹಾಸ್ಯಪತ್ರಿಕೆಯಲ್ಲಿ ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ಅಚ್ಚಾಗಿದ್ದವು. ಚಿತ್ರಕಥೆಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅಮರ ಚಿತ್ರಕಥೆಯ ಅನಂತ ಪೈ ಹುಟ್ಟಿದ್ದು ನಮಗೆ ಹತ್ತಿರದ ಕಾರ್ಕಳದಲ್ಲಿ. ಆದರೂ ಅಚ್ಚಾದ ಮೇಲೆ ಮೂಲಚಿತ್ರಕ್ಕೆ ಒಂದು ಬೆಲೆಯುಂಟೆಂಬ ಭಾವನೆ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಬಹುಕಾಲ ಇರಲಿಲ್ಲ. ಚಿತ್ರಕ್ಕೆ ಲೋಹದ ಬ್ಲಾಕ್ ಮಾಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಬ್ಲಾಕನ್ನು ಜೋಪಾನವಾಗಿ ಎತ್ತಿಡುತ್ತಿದ್ದರು; ಚಿತ್ರ ಬರೆದ ಕಾಗದ ರದ್ದಿಗೆ ಹೋಗುತ್ತಿತ್ತು. ನಾನು ಬರೆಯುತ್ತಿದ್ದ ಒಂದು ಪತ್ರಿಕೆಯ ಕಚೇರಿ ಸ್ಥಳಾಂತರವಾದಾಗ ನನ್ನ ಇನ್ನೂರಕ್ಕೂ ಹೆಚ್ಚು ಮೂಲಚಿತ್ರಗಳು ಹಳೆಯ ಪತ್ರಿಕೆಗಳ ಕಟ್ಟಿನೊಂದಿಗೆ ತೂಕಕ್ಕೆ ಹೋದವು. ಅದನ್ನು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಅಂದಿನಿಂದ, ಅಚ್ಚಾದ ಮರುದಿನವೇ ಕಚೇರಿಗೆ ಹೋಗಿ ಹಾಳೆಯನ್ನು ಮರಳಿ ತರುವುದು ನನ್ನ ರೂಢಿಯಾಯಿತು. ಪೆಟ್ಟಿಗೆಯಲ್ಲಿ ಇಷ್ಟಾದರೂ ಉಳಿದದ್ದು ಆ ರೂಢಿಯಿಂದ.

ಮೂಲಚಿತ್ರವೆಂದರೆ ಏನೆಂಬುದನ್ನು ನಾನು ಸರಿಯಾಗಿ ಅರಿತದ್ದು ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿಯಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಯಲ್ಲಿ. ಅಲ್ಲಿ ಚೌಕಟ್ಟಿನೊಳಗಿದ್ದ ಹಾಳೆಗಳ ಹತ್ತಿರ ಹೋಗಿ ನೋಡಿದರೆ, ಅಚ್ಚಿನಲ್ಲಿ ಎಂದೂ ಕಾಣದ ಸಂಗತಿಗಳು ಕಾಣುತ್ತವೆ: ಮೊದಲು ಬರೆದ ಮೂಗನ್ನು ಬಿಳಿ ಬಣ್ಣದಿಂದ ಮುಚ್ಚಿ ಮೇಲೆ ಬರೆದ ಬೇರೊಂದು ಮೂಗು, ಅಂಚಿನಲ್ಲಿ ನಿಬ್ಬಿನ ಹರಿವನ್ನು ಪರೀಕ್ಷಿಸಿದ ಗೆರೆಗಳು, ಅಳಿಸಿದ ಪೆನ್ಸಿಲಿನ ಗುರುತು. ನನ್ನ ಹಾಳೆಗಳಲ್ಲಿಯೂ ಅವೆಲ್ಲ ಇದ್ದವು. ಆಫ್‌ಸೆಟ್ ಮುದ್ರಣಕ್ಕಾಗಿ ಕ್ಯಾಮರಾದಲ್ಲಿ ನೆಗೆಟಿವ್ ತೆಗೆಯುತ್ತಿದ್ದ ದಿನಗಳಲ್ಲಿ ನಾವು ತೆಳು ನೀಲಿ ಪೆನ್ಸಿಲಿನಿಂದ ಕರಡು ಬರೆಯುತ್ತಿದ್ದೆವು. ಆ ಫಿಲ್ಮಿಗೆ ನೀಲಿ ಗೆರೆ ಮೂಡುತ್ತಿರಲಿಲ್ಲವಾದ್ದರಿಂದ ಅದನ್ನು ಅಳಿಸುವ ಕೆಲಸವೇ ಇರಲಿಲ್ಲ. ಹೀಗಾಗಿ ಆ ಕಾಲದ ಹಾಳೆಗಳಲ್ಲಿ ಕಪ್ಪು ಚಿತ್ರದ ಅಡಿಯಲ್ಲಿ ನೀಲಿಯ ಇನ್ನೊಂದು ಚಿತ್ರ ಇವತ್ತಿಗೂ ಇದೆ. ಕೊಳ್ಳುವವರು ಮೆಚ್ಚಿದ್ದು ಮುಖ್ಯವಾಗಿ ಅದನ್ನೇ.

ಕನ್ನಡದ ಚಿತ್ರಕಥೆಗೆ ಸೇರಿದ ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳುತ್ತೇನೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೇರುತ್ತವೆ. ಆದ್ದರಿಂದ ಮಾತಿನ ಗುಳ್ಳೆಯೊಳಗೆ ಎರಡು ಸಾಲುಗಳ ನಡುವೆ ಬಹಳ ಜಾಗ ಬಿಡಬೇಕು, ಗುಳ್ಳೆ ದೊಡ್ಡದಾಗುತ್ತದೆ, ಚಿತ್ರಕ್ಕೆ ಉಳಿಯುವ ಜಾಗ ಕುಗ್ಗುತ್ತದೆ. ನಾವು ಎ4 ಹಾಳೆಯಲ್ಲಿ ಬರೆದು ಜೆರಾಕ್ಸ್ ಯಂತ್ರದಲ್ಲಿ 71 ಶೇಕಡಕ್ಕೆ ಕುಗ್ಗಿಸಿ ಎ5 ಪುಟ ಮಾಡುತ್ತಿದ್ದೆವು. ಹಾಗೆ ಕುಗ್ಗಿದಾಗ ‘ಸ್ತ್ರ’, ‘ಷ್ಟ್ರ’ದಂತಹ ಅಕ್ಷರಗಳು ಮಸಿಯ ಗುಡ್ಡೆಯಾಗುತ್ತಿದ್ದವು. ಅದನ್ನು ತಪ್ಪಿಸಲು ಪಾತ್ರಗಳ ಮಾತಿನಲ್ಲಿ ಸಾಧ್ಯವಾದಷ್ಟೂ ಆಡುಮಾತಿನ ಹಗುರ ಶಬ್ದಗಳನ್ನು ಹುಡುಕಿ ಹಾಕುತ್ತಿದ್ದೆವು. ಮೂಲಹಾಳೆಯಲ್ಲಿ ಒಂದು ಪದವನ್ನು ತಿದ್ದಿ, ಬೇರೆ ಕಾಗದದಲ್ಲಿ ಬರೆದು ಅಂಟಿಸಿದ ತುಂಡುಗಳು ಹಲವು ಕಡೆ ಇವೆ. ಅಂಟು ಕಂದಾಗಿ ಕೆಲವು ತುಂಡುಗಳು ಎದ್ದುಬಂದಿದ್ದವು. ಅವನ್ನು ಮೈದಾ ಹಿಟ್ಟಿನ ತೆಳು ಅಂಟಿನಿಂದ ಮತ್ತೆ ಕೂರಿಸಿದೆ. ಅದೊಂದನ್ನು ಬಿಟ್ಟರೆ ಯಾವ ಹಾಳೆಗೂ ಹೊಸದಾಗಿ ಒಂದು ಗೆರೆಯನ್ನೂ ಸೇರಿಸಲಿಲ್ಲ.

ಕೊನೆಗೆ ಬೆಲೆಯನ್ನು ಹೀಗೆ ಇಟ್ಟೆ: ಒಂದೇ ಚೌಕದ ದಿನನಿತ್ಯದ ವ್ಯಂಗ್ಯಚಿತ್ರಕ್ಕೆ ₹1,500, ದೊಡ್ಡ ಹಾಳೆಯ ಚಿತ್ರಕ್ಕೂ ಚಿತ್ರಕಥೆಯ ಒಂದು ಪುಟಕ್ಕೂ ₹4,000. ಒಂದು ಪುಟಕ್ಕೆ ನನಗೆ ಎರಡು ದಿನ ಬೇಕಾಗುತ್ತಿತ್ತು. ಇಂದು ನಮ್ಮೂರಿನಲ್ಲಿ ಗಾರೆ ಕೆಲಸದವರ ಎರಡು ದಿನದ ಸಂಬಳದ ಮೇಲೆ ಕಾಗದ, ಮಸಿ ಮತ್ತು ಇಷ್ಟು ವರ್ಷ ಕಾಯ್ದದ್ದರ ಲೆಕ್ಕ ಹಾಕಿದರೆ ಅದು ಹೆಚ್ಚೇನೂ ಅಲ್ಲವೆಂದು ನನಗೆ ತೋರಿತು. ಮೊದಲ ತಿಂಗಳು ಗೆಳೆಯರು ಕೇಳಿದಾಗ ಸಂಕೋಚದಿಂದ ಅರ್ಧಕ್ಕೆ ಕೊಟ್ಟೆ. ಅದು ತಪ್ಪೆಂದು ಆಮೇಲೆ ಅರ್ಥವಾಯಿತು, ಏಕೆಂದರೆ ಪೂರ್ತಿ ಬೆಲೆ ಕೊಟ್ಟು ಕೊಂಡ ಪರಸ್ಥಳದವರೊಬ್ಬರಿಗೆ ಈ ಸುದ್ದಿ ತಿಳಿದು ಅವರು ನೊಂದುಕೊಂಡರು. ಅವರಿಗೆ ಇನ್ನೊಂದು ಚಿತ್ರವನ್ನು ಕೊಟ್ಟು ಸರಿಪಡಿಸಿ, ಮುಂದೆ ಎಲ್ಲರಿಗೂ ಒಂದೇ ಬೆಲೆ ಇಟ್ಟೆ.

ಪುಸ್ತಿಕೆಗಳ ವಿಷಯವೇ ಬೇರೆ. ಮೊದಲ ನಾಲ್ಕು ಸಂಚಿಕೆಗಳನ್ನು ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಜೆರಾಕ್ಸ್ ಮಾಡಿಸಿ, ಮನೆಯಲ್ಲಿ ಕುಳಿತು ಮಡಚಿ, ಉದ್ದ ತೋಳಿನ ಸ್ಟೇಪ್ಲರಿನಿಂದ ನಡುವಿಗೆ ಪಿನ್ನು ಹೊಡೆದಿದ್ದೆವು. ಆಮೇಲಿನವು ಆಫ್‌ಸೆಟ್ ಮುದ್ರಣದವು. ಮಡಚಿ ಪಿನ್ನು ಹೊಡೆಯುವ ಪುಸ್ತಿಕೆಯಲ್ಲಿ ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿರಲೇಬೇಕು. ಹದಿನಾಲ್ಕು ಪುಟದ ಕಥೆಗೆ ಇನ್ನೆರಡು ಪುಟ ಹೇಗಾದರೂ ತುಂಬಿಸಬೇಕಾಗಿ ಬಂದಾಗ ನಾವು ಕುಂಬಳೆ ಬೆಡಿಯ (ಸುಡುಮದ್ದಿನ) ಜಾತ್ರೆಯ ನೋಟಗಳನ್ನೋ ಬಸ್ಸಿನಲ್ಲಿ ಕೇಳಿದ ಮಾತುಗಳನ್ನೋ ಬರೆದು ಸೇರಿಸುತ್ತಿದ್ದೆವು. ಇಂದು ಓದುಗರು ನೆನಪಿಟ್ಟುಕೊಂಡು ಕೇಳುವುದು ಆ ತುಂಬುಪುಟಗಳನ್ನು. ಮುಖಬೆಲೆ ಆರು ರೂಪಾಯಿ. ಕನ್ನಡ, ತುಳು, ಮಲಯಾಳ ಮೂರೂ ಬೆರೆತ ಸಂಭಾಷಣೆಗಳು ಅವುಗಳಲ್ಲಿದ್ದವು, ಏಕೆಂದರೆ ನಮ್ಮ ಪೇಟೆಯಲ್ಲಿ ಜನರು ಮಾತನಾಡುವುದು ಹಾಗೆಯೇ.

ಎಣಿಸಿದಾಗ ಸುಮಾರು 730 ಪ್ರತಿಗಳಿದ್ದವು. ಮೂರನೆಯ ಸಂಚಿಕೆ ಮಾತ್ರ ಹದಿನಾಲ್ಕೇ ಉಳಿದಿತ್ತು, ಏಕೆಂದರೆ ಆ ಸಲ ಕೈಯಲ್ಲಿ ಹಣವಿಲ್ಲದೆ ನೂರೇ ಪ್ರತಿ ಮಾಡಿಸಿದ್ದೆವು. ಹನ್ನೊಂದೂ ಸೇರಿದ ಪೂರ್ಣ ಕಟ್ಟುಗಳು ಹದಿನಾಲ್ಕಕ್ಕಿಂತ ಹೆಚ್ಚಾಗುವಂತಿರಲಿಲ್ಲ. ಕಟ್ಟೊಂದಕ್ಕೆ ₹2,000 ಇಟ್ಟೆ, ಬಿಡಿ ಪ್ರತಿಗೆ ₹120. ಹದಿನಾಲ್ಕು ಕಟ್ಟುಗಳೂ ಐದು ತಿಂಗಳೊಳಗೆ ಮುಗಿದವು. ಆ ಮೇಲೂ ಮೂರನೆಯ ಸಂಚಿಕೆಯನ್ನು ಕೇಳಿ ಫೋನು ಬರುತ್ತಲೇ ಇತ್ತು. ಒಬ್ಬ ಗೆಳೆಯರು, ‘ಮೂಲಹಾಳೆ ನಿಮ್ಮಲ್ಲೇ ಉಂಟಲ್ಲ ಮಾಷ್ಟ್ರೇ, ಹಳೆಯ ಕಾಗದದಲ್ಲಿಯೇ ಇನ್ನು ನೂರು ತೆಗೆಸಿದರೆ ಯಾರಿಗೆ ಗೊತ್ತಾಗ್ತದೆ?’ ಎಂದು ಕೇಳಿದರು. ಗೊತ್ತಾಗುವುದೋ ಬಿಡುವುದೋ, ₹2,000 ಕೊಟ್ಟವರಿಗೆ ಅದು ಮೋಸ. ಹೊಸ ಬಿಳಿ ಕಾಗದದಲ್ಲಿ, ಹಿಂಬದಿಯ ರಕ್ಷಾಪುಟದ ಮೇಲೆ ‘2024ರ ಮರುಮುದ್ರಣ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿ, ₹50ಕ್ಕೆ ಕೊಟ್ಟೆ. ಓದಬೇಕಾದವರಿಗೆ ಕಥೆ ಸಿಕ್ಕಿತು, ಹಳೆಯ ಪ್ರತಿ ಇದ್ದವರ ಪ್ರತಿ ಹಳೆಯದಾಗಿಯೇ ಉಳಿಯಿತು.

ಜೆರಾಕ್ಸ್ ಪುಸ್ತಿಕೆಗಳನ್ನು ಸಂಗ್ರಹಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಕವರುಗಳಿಗೆ ಜೆರಾಕ್ಸಿನ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ವರ್ಷ ಕಳೆದು ತೆಗೆದಾಗ ಚಿತ್ರದ ಅರ್ಧ ಕವರಿನಲ್ಲಿರುತ್ತದೆ. ನನ್ನದೇ ಒಂದು ಸಂಚಿಕೆಯ ಹತ್ತು ಪ್ರತಿಗಳು ಹೀಗೆ ಹಾಳಾದವು. ಈಗ ಗರಿಗರಿ ಶಬ್ದ ಮಾಡುವ ಪಾಲಿಪ್ರೊಪಿಲೀನ್ ಕವರುಗಳನ್ನೇ ಬಳಸುತ್ತೇನೆ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಇಟ್ಟು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತೇನೆ.

ಮಾರಾಟ ನಡೆದದ್ದು ಮೂರು ದಾರಿಗಳಲ್ಲಿ. ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆಯ ಮೂಲೆಯಲ್ಲಿ ಒಂದು ಮೇಜು ಹಾಕಿ ಕೂತರೆ ಪುಸ್ತಿಕೆಗಳು ಹೋಗುತ್ತಿದ್ದವು, ಮೂಲಚಿತ್ರಗಳು ಹೋಗುತ್ತಿರಲಿಲ್ಲ. ಜನರು ಅವುಗಳನ್ನು ನೋಡಿ, ‘ಇದು ಪ್ರಿಂಟಾ, ಕೈಯಲ್ಲಿ ಬರೆದದ್ದಾ?’ ಎಂದು ಕೇಳಿ, ಬೆಲೆ ಕೇಳಿ, ನಮಸ್ಕಾರ ಹೇಳಿ ಹೋಗುತ್ತಿದ್ದರು. ಮೂಲಚಿತ್ರಗಳನ್ನು ಕೊಂಡವರಲ್ಲಿ ಹೆಚ್ಚಿನವರು, ಮಗಳು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಿದ್ದ ಪಟ್ಟಿಯನ್ನು ನೋಡಿ ಕೇಳಿದವರು. ಆ ಪಟ್ಟಿಯಲ್ಲಿ ಪ್ರತಿ ಚಿತ್ರದ ಗಾತ್ರ, ವರ್ಷ, ಯಾವ ಮಸಿ, ಯಾವ ಕಾಗದ, ಎಲ್ಲಿ ಕಲೆ, ಎಲ್ಲಿ ತೇಪೆ ಎಂಬುದನ್ನು ಬರೆದು, ಕಲೆಯ ಜಾಗದ ಹತ್ತಿರದ ಫೋಟೋವನ್ನೂ ಹಾಕುತ್ತಿದ್ದೆವು. ಕಲೆಯನ್ನು ತೋರಿಸಿದರೆ ಯಾರು ಕೊಳ್ಳುತ್ತಾರೆಂದು ಮಗಳು ಮೊದಲು ಅನುಮಾನಪಟ್ಟಳು. ಎರಡು ವರ್ಷಗಳಲ್ಲಿ ಒಂದು ಚಿತ್ರವೂ ಮರಳಿ ಬರಲಿಲ್ಲ. ಮೂರನೆಯದು ಗಲ್ಫಿನ ದಾರಿ. ನಮ್ಮ ಕಡೆಯ ಪ್ರತಿ ಎರಡನೆಯ ಮನೆಯಿಂದ ಯಾರಾದರೊಬ್ಬರು ಅಲ್ಲಿದ್ದಾರೆ. ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರಲ್ಲಿ, ನಮ್ಮ ಕನ್ನಡ ಶಾಲೆಗಳ ಮಕ್ಕಳ ಕುರಿತು ನಾನು ಬರೆದಿದ್ದ ಆರು ಚಿತ್ರಗಳನ್ನು ದುಬೈಯಲ್ಲಿರುವ ಒಬ್ಬರು ಒಟ್ಟಿಗೇ ಕೊಂಡು, ರಜೆಗೆ ಬಂದ ತಮ್ಮನ ಕೈಯಲ್ಲಿ ತರಿಸಿಕೊಂಡರು. ಅವರು ಕಲಿತದ್ದು ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯಲ್ಲಿ.

ಅಂಚೆಗೆ ಹಾಕುವ ಕ್ರಮವನ್ನು ಕಲಿಯಲು ಒಂದು ಚಿತ್ರವನ್ನು ಕಳೆದುಕೊಳ್ಳಬೇಕಾಯಿತು. ಮೊದಲ ಸಲ ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಹಾಕಿ ಕಳುಹಿಸಿದ್ದೆ. ಬಿಳಿ ಬಣ್ಣದ ತಿದ್ದುಪಡಿ ಇದ್ದ ಕಡೆಯೆಲ್ಲ ಸುರುಳಿಯ ಬಾಗಿಗೆ ಒಡೆದು ಹಕ್ಕಳೆಯಾಗಿ ಉದುರಿತು. ಹಣ ಹಿಂತಿರುಗಿಸಿದೆ. ಅಂದಿನಿಂದ ಚಿತ್ರವನ್ನು ಕವರಿನೊಳಗಿಟ್ಟು, ಎರಡು ಸುಕ್ಕುರಟ್ಟುಗಳ ನಡುವೆ, ಒಂದರ ಗೆರೆ ಅಡ್ಡ ಮತ್ತೊಂದರ ಗೆರೆ ಉದ್ದ ಬರುವಂತೆ ಇಟ್ಟು ಕಟ್ಟುತ್ತೇನೆ. ಹಾಗೆ ಮಾಡಿದರೆ ಯಾವ ಕಡೆಗೂ ಬಾಗುವುದಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾದ ಮೇಲೆ ಎಲ್ಲವನ್ನೂ ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸುತ್ತಿದ್ದೇನೆ.

ಹಕ್ಕಿನ ವಿಷಯದಲ್ಲಿ ಒಂದು ಘಟನೆ ನನ್ನ ಕಣ್ಣು ತೆರೆಸಿತು. ಮೂಲಚಿತ್ರವೊಂದನ್ನು ಕೊಂಡ ಒಬ್ಬರು ಅದನ್ನು ತಮ್ಮ ವ್ಯಾಪಾರದ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ, ಪ್ರೀತಿಯಿಂದ ನನಗೇ ಒಂದು ಪ್ರತಿ ಕಳುಹಿಸಿದರು. ಹಾಳೆ ಕೊಂಡ ಮೇಲೆ ಅಚ್ಚು ಹಾಕುವ ಅಧಿಕಾರವೂ ಬಂತೆಂದು ಅವರು ನಿಜವಾಗಿ ನಂಬಿದ್ದರು. ಅವರೊಡನೆ ಜಗಳವಾಡಲಿಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತರಿಸಿ ಕುಳಿತು ಓದಿದೆ. ಹಕ್ಕನ್ನು ವರ್ಗಾಯಿಸಬೇಕಾದರೆ ಸಹಿ ಹಾಕಿದ ಬರಹವಿರಬೇಕೆಂದು ಅದರ 19ನೆಯ ಕಲಮು ಹೇಳುತ್ತದೆ; ಹಾಳೆಯನ್ನು ಮಾರಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದವರ ಚಿತ್ರಗಳಿಗೂ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದ್ದು, ಉಳಿದ ಹಕ್ಕುಗಳು ಬರೆದವರದ್ದೇ ಎಂದು 17ನೆಯ ಕಲಮಿನಲ್ಲಿದೆ. ಇದನ್ನು ನನ್ನ ಪತ್ರಕರ್ತ ಮಿತ್ರರಲ್ಲಿ ಅನೇಕರು ತಿಳಿದಿರಲಿಲ್ಲ. ಮೂಲಚಿತ್ರವು ಮುಂದೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದನಿಗೂ ಒಂದು ಪಾಲು ಸಲ್ಲಬೇಕೆಂದು 53ಎ ಕಲಮು ಹೇಳುತ್ತದೆ. ನನ್ನ ಚಿತ್ರಗಳು ಅಷ್ಟು ಬೆಲೆಗೆ ಹೋಗುತ್ತವೆಯೋ ಇಲ್ಲವೋ, ಈ ನೆಲದ ಕಾಯ್ದೆಯಲ್ಲಿ ಕಲಾವಿದನ ಪಾಲನ್ನು ಯಾರೋ ನೆನಪಿಟ್ಟು ಬರೆದಿದ್ದಾರೆಂಬುದು ನನಗೆ ಬಹಳ ಸಮಾಧಾನ ಕೊಟ್ಟಿತು. ಅಲ್ಲಿಂದ ಮುಂದೆ ಪ್ರತಿ ಚಿತ್ರದೊಂದಿಗೆ ಕನ್ನಡದಲ್ಲಿ ಬರೆದ ಒಂದು ರಶೀದಿಯನ್ನು ಕೊಡುತ್ತಿದ್ದೇನೆ. ಹಾಳೆ ನಿಮ್ಮದು, ಮನೆಯಲ್ಲಿ ತೂಗುಹಾಕಬಹುದು, ಮಾರಬಹುದು, ದಾನ ಮಾಡಬಹುದು. ಅಚ್ಚು ಹಾಕಿಸಬೇಕಾದರೆ ನನ್ನನ್ನು ಕೇಳಬೇಕು ಎಂದು ಅದರಲ್ಲಿ ಸರಳವಾಗಿ ಬರೆದಿದೆ.

ಈ ಎಲ್ಲ ವ್ಯವಹಾರದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಾಡಿದ್ದು ಒಂದು ಎಂಟು ಪುಟದ ಕಥೆ. ಅದು 1999ರಲ್ಲಿ, ನಮ್ಮ ಆರನೆಯ ಸಂಚಿಕೆಗಾಗಿ, ಬೀಡಿ ಕಟ್ಟುತ್ತಿದ್ದ ನನ್ನ ತಾಯಿಯನ್ನು ಕುರಿತು ಬರೆದದ್ದು. ಎಲೆ ನೆನೆಹಾಕುವುದರಿಂದ ತೊಡಗಿ, ಅಳತೆಗೆ ಕತ್ತರಿಸುವುದು, ತಡಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುತ್ತುವುದು, ಕಟ್ಟುಗಳನ್ನು ಹೊತ್ತು, ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಬ್ರಾಂಚಿಗೆ ನಡೆಯುವುದು, ಅಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ಪಕ್ಕಕ್ಕೆ ಎತ್ತಿಡುವುದು, ಇವೆಲ್ಲ ಅದರಲ್ಲಿವೆ. ಐದನೆಯ ಪುಟದಲ್ಲಿ ಒಂದೇ ಒಂದು ಮಾತೂ ಇಲ್ಲ. ಚಿಮಣಿ ದೀಪದ ಬೆಳಕಿನಲ್ಲಿ ತಾಯಿಯ ಎರಡು ಕೈಗಳು, ತಡಪೆ, ಹಿಂದೆ ಮಲಗಿದ ಮಕ್ಕಳ ಕಾಲುಗಳು. ನಾನು ಬರೆದ ಎಲ್ಲ ಹಾಳೆಗಳಲ್ಲಿ ಅದೇ ಉತ್ತಮವೆಂದು ನನಗೂ ಗೊತ್ತು.

2025ರ ಆರಂಭದಲ್ಲಿ ಬೆಂಗಳೂರಿನ ಸಂಗ್ರಾಹಕರೊಬ್ಬರು ಆ ಐದನೆಯ ಪುಟವೊಂದಕ್ಕೇ ₹15,000 ಕೊಡುವುದಾಗಿ ಹೇಳಿದರು. ಅವರು ಕಲೆಯನ್ನು ಬಲ್ಲವರು, ಮಾತು ಮೃದು. ಉಳಿದ ಏಳು ಪುಟಗಳು ತಮಗೆ ಬೇಡವೆಂದೂ, ಚೌಕಟ್ಟು ಹಾಕಿಸಿದರೆ ಈ ಪುಟ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆಂದೂ ಹೇಳಿದರು. ಅವರು ಹೇಳಿದ್ದು ತಪ್ಪಲ್ಲ. ತಾರಸಿಯ ಕೆಲಸದ ಕೊನೆಯ ಕಂತು ಇನ್ನೂ ಬಾಕಿಯಿತ್ತು. ನಾನು ಹದಿನೈದು ದಿನ ಕಾಲಾವಕಾಶ ಕೇಳಿದೆ. ಆ ಹದಿನೈದು ದಿನಗಳಲ್ಲಿ ಎಂಟು ಹಾಳೆಗಳನ್ನೂ ದಿನಕ್ಕೊಮ್ಮೆ ಚಾವಡಿಯಲ್ಲಿ ಸಾಲಾಗಿ ಹರಡಿ ನೋಡುತ್ತಿದ್ದೆ. ನಾಲ್ಕನೆಯ ಪುಟದ ಕೊನೆಯ ಚೌಕದಲ್ಲಿ ಬ್ರಾಂಚಿನ ಗುಮಾಸ್ತ ಪಕ್ಕಕ್ಕಿಟ್ಟ ಬೀಡಿಗಳ ರಾಶಿ. ಆರನೆಯ ಪುಟದ ಮೊದಲ ಚೌಕದಲ್ಲಿ ಅಕ್ಕನ ಶಾಲೆಯ ಫೀಸಿನ ಚೀಟಿ. ಈ ಎರಡರ ನಡುವೆ ಇರುವುದರಿಂದಲೇ ಐದನೆಯ ಪುಟಕ್ಕೆ ಮಾತು ಬೇಕಾಗಿರಲಿಲ್ಲ. ಅದನ್ನು ಬಿಡಿಸಿ ತೆಗೆದರೆ ಒಬ್ಬ ಹೆಂಗಸು ರಾತ್ರಿ ಕುಳಿತು ಏನೋ ಕೆಲಸ ಮಾಡುವ ಚೆಂದದ ಚಿತ್ರವಾಗುತ್ತದೆ. ತಿರಸ್ಕೃತವಾದ ಬೀಡಿಗಳ ನಷ್ಟ ತುಂಬಲು ಅವಳು ಎರಡನೆಯ ಸಲ ಕಟ್ಟುತ್ತಿದ್ದಾಳೆಂಬುದು ಕಳೆದುಹೋಗುತ್ತದೆ. ಬಿಡಿ ವ್ಯಂಗ್ಯಚಿತ್ರಗಳನ್ನು ನೂರಾರು ಮನೆಗಳಿಗೆ ಹಂಚಿ ಕೊಟ್ಟ ನನಗೆ ಈ ಕಥೆಯನ್ನು ಒಡೆಯಲು ಆಗಲಿಲ್ಲ. ಅವರಿಗೆ ಫೋನು ಮಾಡಿ ಎಂಟೂ ಒಟ್ಟಿಗೆ ₹32,000 ಆಗುತ್ತದೆ, ಬಿಡಿಯಾಗಿ ಕೊಡಲಾರೆ ಎಂದೆ. ಅವರು ನನ್ನ ಕಾರಣವನ್ನು ಕೇಳಿಸಿಕೊಂಡು, ಒಪ್ಪಿ, ಬೇರೆ ಎರಡು ಚಿತ್ರಗಳನ್ನು ಕೊಂಡರು.

ಏಪ್ರಿಲ್ ತಿಂಗಳಿನಲ್ಲಿ, ಆರನೆಯ ಸಂಚಿಕೆಯನ್ನು ಹಿಂದೆ ಓದಿದ್ದ ಒಬ್ಬ ಶಿಕ್ಷಕಿ ಮುಳ್ಳೇರಿಯದ ಕಡೆಯಿಂದ ತಮ್ಮ ತಾಯಿಯನ್ನು ಕರೆದುಕೊಂಡು ಮನೆಗೆ ಬಂದರು. ತಾಯಿಗೆ ಎಂಬತ್ತು ದಾಟಿತ್ತು. ನಲವತ್ತು ವರ್ಷ ಬೀಡಿ ಕಟ್ಟಿದವರು. ಅವರಿಗೆ ಕುರ್ಚಿ ಹಾಕಿ, ಎಂಟು ಹಾಳೆಗಳನ್ನು ಒಂದೊಂದಾಗಿ ಮಡಿಲಿನ ಮೇಲೆ ಇಟ್ಟ ರಟ್ಟಿನ ಮೇಲೆ ತೋರಿಸಿದೆ. ಓದಲು ಬಾರದ ಕಾರಣ ಗುಳ್ಳೆಯೊಳಗಿನ ಮಾತುಗಳನ್ನು ಶಿಕ್ಷಕಿ ಓದಿ ಹೇಳುತ್ತಿದ್ದರು. ಐದನೆಯ ಪುಟ ಬಂದಾಗ ಓದಲು ಏನೂ ಇರಲಿಲ್ಲ. ಅವರು ಬಹಳ ಹೊತ್ತು ನೋಡಿದರು.

‘ಮಾಷ್ಟ್ರೇ, ಈ ಎಡಗೈ ಹೀಗೆ ಇರುದಲ್ಲ’ ಎಂದರು. ‘ಸುತ್ತುವಾಗ ಹೆಬ್ಬೆರಳು ಎಲೆಯನ್ನು ಒತ್ತಿ ಹಿಡಿಯದಿದ್ರೆ ಹೊಗೆಸೊಪ್ಪು ಉದುರ್ತದೆ. ನೀವು ಬರೆದ ಹೆಬ್ಬೆರಳು ಮೇಲೆ ಉಂಟು.’

ಅವರು ನನ್ನ ಮೇಜಿನ ಮೇಲಿದ್ದ ಕಾಗದದ ತುಂಡೊಂದನ್ನು ಎತ್ತಿಕೊಂಡು, ನಡುಗುವ ಬೆರಳುಗಳಿಂದಲೇ ಸುತ್ತಿ ತೋರಿಸಿದರು. ಸುತ್ತಲು ತೊಡಗಿದ ಕೂಡಲೇ ನಡುಕ ನಿಂತಿತು. ನನ್ನ ತಾಯಿಯ ಕೈಗಳನ್ನು ನಾನು ಬಾಲ್ಯವಿಡೀ ನೋಡಿದ್ದೆ, ನೆನಪಿನಿಂದಲೇ ಬರೆದಿದ್ದೆ. ಇಪ್ಪತ್ತಾರು ವರ್ಷ ಯಾರೂ ಈ ತಪ್ಪನ್ನು ಕಂಡಿರಲಿಲ್ಲ.

ಶಿಕ್ಷಕಿ ಬೆಲೆಯನ್ನು ಕೇಳಿದರು. ತಮ್ಮಿಂದ ತಿಂಗಳಿಗೆ ₹4,000ದಂತೆ ಆರು ತಿಂಗಳು ಕೊಡಲು ಸಾಧ್ಯವೆಂದು ಹೇಳಿದರು. ಹೇಳಿದ ಬೆಲೆಗಿಂತ ಅದು ಎಂಟು ಸಾವಿರ ಕಡಿಮೆ. ಎಲ್ಲರಿಗೂ ಒಂದೇ ಬೆಲೆಯೆಂಬ ನನ್ನ ನಿಯಮವನ್ನು ಅಂದು ಮುರಿದೆ, ಮುರಿದದ್ದನ್ನು ಬೆಂಗಳೂರಿನ ಆ ಸಂಗ್ರಾಹಕರಿಗೂ ಅಂದೇ ತಿಳಿಸಿದೆ. ಮೊದಲ ಕಂತಿಗೇ ಎಂಟೂ ಹಾಳೆಗಳನ್ನು ಕೊಟ್ಟು ಕಳುಹಿಸಿದೆ. ಕೊನೆಯ ಕಂತು ಸೆಪ್ಟೆಂಬರಿನಲ್ಲಿ ಬಂತು.

ಕಟ್ಟುವುದಕ್ಕೆ ಮುನ್ನ ಆ ಹಿರಿಯಮ್ಮ, ‘ಹೆಬ್ಬೆರಳನ್ನು ಸರಿ ಮಾಡಿ ಕೊಡಿ’ ಎಂದು ಕೇಳಿದರು. ಹಳೆಯ ಹಾಳೆಗೆ ಹೊಸ ಗೆರೆ ಸೇರಿಸುವುದಿಲ್ಲವೆಂದು ನಾನು ಅವರಿಗೆ ವಿವರಿಸಿ ಹೇಳಿದೆ. ಆಮೇಲೆ ಹಾಳೆಗಳ ಹಿಂಬದಿಯಲ್ಲಿ, ಮೂಲೆಯಲ್ಲಿ, ಒಂದರಿಂದ ಎಂಟರವರೆಗೆ ಅಂಕಿ ಹಾಕಿದೆ. ಐದನೆಯ ಹಾಳೆಯ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಅವರು ಕಾಗದದ ತುಂಡನ್ನು ಹಿಡಿದು ತೋರಿಸಿದಂತೆಯೇ ಒಂದು ಎಡಗೈಯನ್ನು ಸಣ್ಣದಾಗಿ ಬರೆದು, ಅದರ ಕೆಳಗೆ ತೋರಿಸಿಕೊಟ್ಟವರ ಹೆಸರನ್ನೂ ಆ ದಿನದ ತಾರೀಕನ್ನೂ ಬರೆದೆ.